ಪ್ಲಗ್ ಕಪ್ಪಾದರೆ ಏರ್ ಸ್ಕ್ರೂ ಒಂದರದೇ ತಪ್ಪಲ್ಲ

ಪ್ರಶ್ನೆ: ನನ್ನದು 2008ರ 100 ಸಿಸಿ ಫೋರ್ ಸ್ಟ್ರೋಕ್ ಬೈಕ್. ಮಂಗಳೂರಿನಿಂದ ಮಡಿಕೇರಿಗೆ ವರ್ಗವಾಗಿ ಬಂದ ಮೇಲೆ ಮೈಲೇಜ್ 60ರಿಂದ 40ಕ್ಕೆ ಇಳಿದಿದೆ. ಸೈಲೆನ್ಸರಿನಿಂದ ಕಪ್ಪು ಹೊಗೆಯೂ ಪೆಟ್ರೋಲ್ ವಾಸನೆಯೂ ಬರುತ್ತವೆ. ಏರ್ ಸ್ಕ್ರೂ ತಿರುಗಿಸಿ ನೋಡಿದರೂ ಫಲವಿಲ್ಲ. ಕಾರ್ಬ್ಯುರೇಟರನ್ನೇ ಬದಲಿಸಬೇಕೆ?

– ಓದುಗರು, ಮಡಿಕೇರಿ

ಉತ್ತರ: ಬದಲಿಸುವ ಮಾತು ಸದ್ಯಕ್ಕೆ ಬೇಡ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿ ತುಸು ತೆಳು. ಹಾಗಾಗಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ಪೆಟ್ರೋಲಿನ ಪಾಲು ಸ್ವಲ್ಪ ಹೆಚ್ಚಾಗುವುದು ಸಹಜ. ಆದರೆ ಕಪ್ಪು ಹೊಗೆ ಬರಲು ಅಷ್ಟೇ ಸಾಲದು. ನನ್ನ ಮೊದಲ ಅನುಮಾನ, ಚಳಿಯಲ್ಲಿ ಸ್ಟಾರ್ಟ್ ಮಾಡಲು ಗಾಳಿಯ ದಾರಿಯನ್ನು ಮುಚ್ಚುವ ಚೋಕ್ ಮೇಲೆ. ಮಂಗಳೂರಿನ ಸೆಕೆಯಲ್ಲಿ ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದ ಚೋಕನ್ನು ಈಗ ಚಳಿಗೆ ದಿನವೂ ಎಳೆಯುತ್ತಿರುತ್ತೀರಿ. ಕಿಲುಬು ಹಿಡಿದ ಅದರ ತಗಡು ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂಬುದನ್ನು ಕಾರ್ಬ್ಯುರೇಟರಿನ ಬಾಯಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ.

ಅನಂತರ ಏರ್ ಫಿಲ್ಟರ್ ನೋಡಿ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್ ಸವರಿ ಚೆನ್ನಾಗಿ ಹಿಂಡಿ ಹಾಕಬೇಕು. ಕಾಗದದ್ದಾದರೆ ತೊಳೆಯದೆ ಹೊಸದು ಹಾಕುವುದೇ ಲೇಸು.

ಇವೆರಡೂ ಸರಿಯಿದ್ದರೆ ಫ್ಲೋಟ್ ಪಿನ್ನಿನತ್ತ ಬನ್ನಿ. ಕಾರ್ಬ್ಯುರೇಟರಿನೊಳಗಿನ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಮೇಲೇರಿದಾಗ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವುದು ಇದೇ ಪಿನ್. ಬಯಲಿನಲ್ಲಿ, ಒಲೆಯಿಂದಲೂ ದೇವರ ದೀಪದಿಂದಲೂ ದೂರ ಕುಳಿತು, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬಿಚ್ಚಿ, ಅದರೊಳಗಿನ ಪೆಟ್ರೋಲನ್ನು ಬಸಿಯಿರಿ. ಪಿನ್ನಿನ ರಬ್ಬರ್ ತುದಿಯ ಸುತ್ತ ಬಳೆಯಂತೆ ಗೀರು ಬಿದ್ದಿದ್ದರೆ ಅದು ಸವೆದಿದೆ ಎಂದೇ ಅರ್ಥ. ಪೆಟ್ರೋಲ್ ನಿಲ್ಲಬೇಕಾದ ಮಟ್ಟದಲ್ಲಿ ನಿಲ್ಲದೆ ಮೇಲೇರುತ್ತದೆ. ಗೀರು ಕಾಣದಿದ್ದರೂ ಕಾರ್ಬ್ಯುರೇಟರಿನ ಬಾಡಿಯನ್ನು ತಲೆಕೆಳಗು ಹಿಡಿದು, ಪೆಟ್ರೋಲ್ ಬರುವ ಕಡೆ ಶುಚಿಯಾದ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿ ನೋಡಿ: ಫ್ಲೋಟಿನ ಭಾರಕ್ಕೇ ಪಿನ್ ಕುಳಿತು ಗಾಳಿ ನಿಲ್ಲಬೇಕು, ಫ್ಲೋಟನ್ನು ಬೆರಳಿನಿಂದ ಎತ್ತಿದಾಗ ಹರಿಯಬೇಕು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಪೆಟ್ರೋಲ್ ಕುಲುಕುವ ಸದ್ದಾದರೆ ಅದೂ ತೂತಾಗಿದೆ.

ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್‌ಗಳಿಗೆ ತಂತಿ, ಪಿನ್ನು ತೂರಿಸಲೇಬೇಡಿ. ಹಿತ್ತಾಳೆಯ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಆ ಹಾನಿಯನ್ನು ಹಿಂದಕ್ಕೆ ತರಲಾಗದು. ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಹಾಯಿಸಿದರೆ ಸಾಕು. ಹಿಂದೆ ಯಾರಾದರೂ ದೊಡ್ಡ ಮೇನ್ ಜೆಟ್ ಹಾಕಿದ್ದಾರೆಯೇ ಎಂದು ಅದರ ಮೇಲಿನ ಅಂಕಿಯನ್ನು ಮ್ಯಾನುಯಲ್‌ನೊಂದಿಗೆ ಹೋಲಿಸಿ.

ಏರ್ ಸ್ಕ್ರೂವಿನಿಂದ ಫಲ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅದರ ಅಧಿಕಾರ ನಡೆಯುವುದು ಬೈಕ್ ನಿಂತಲ್ಲೇ ಎಂಜಿನ್ ಓಡುವ ಐಡ್ಲಿಂಗ್‌ನಲ್ಲೂ ಆಕ್ಸಿಲರೇಟರನ್ನು ತುಸುವೇ ತಿರುಗಿಸಿದಾಗಲೂ ಮಾತ್ರ. ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಂತೆ ಪೆಟ್ರೋಲಿನ ಪಾಲು ಇಳಿಯುತ್ತದೆ, ಎಂಜಿನ್ನಿನ ಕಡೆಗಿದ್ದರೆ ಏರುತ್ತದೆ. ನೀವು ಉಲ್ಟಾ ತಿರುಗಿಸಿರಲೂಬಹುದು. ಎಲ್ಲ ಜೋಡಿಸಿದ ಮೇಲೆ ಸ್ಕ್ರೂವನ್ನು ಹಗುರವಾಗಿ ಕೊನೆಯವರೆಗೆ ಕೂರಿಸಿ, ಒಂದೂವರೆ ಸುತ್ತು ಹೊರಕ್ಕೆ ತೆಗೆದು, ಎಂಜಿನ್ ಬಿಸಿಯಾದಾಗ ಐಡ್ಲಿಂಗ್ ಅತ್ಯಂತ ಚುರುಕಾಗುವ ಜಾಗಕ್ಕೆ ಹೊಂದಿಸಿ.

ಹೊಸ ಪ್ಲಗ್ ಹಾಕಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಿಚ್ಚಿದರೆ, ಅದರ ತುದಿ ಕಪ್ಪಾಗಿರದೆ ತಿಳಿಕಂದಾಗಿರಬೇಕು. ಅದಕ್ಕೂ ಮುನ್ನ ಎಂಜಿನ್ ಆಯಿಲ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸದೆ ಓಡಿಸಬೇಡಿ.