ಓಪನ್ ಬ್ಯಾಕ್ (ಕಿವಿ ಬಟ್ಟಲಿನ ಹಿಂಭಾಗ ತೆರೆದಿರುವ) ಹೆಡ್‌ಫೋನ್‌ನ ಕೇಬಲ್ ಬದಲಿಸಿದರೆ ಸೌಂಡ್ ಬದಲಾಗುತ್ತದೆಯೇ?

ಕಿವಿಗೆ ಗೊತ್ತಾಗುವಷ್ಟು ಬದಲಾಗುವುದು ತೀರಾ ಅಪರೂಪ.

ಉದಾಹರಣೆಗೆ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ತಗೊಳ್ಳಿ. ಅದರ ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ, 300 ಓಮ್. ಒಂದು ಕೇಬಲ್‌ಗಿಂತ ಇನ್ನೊಂದರ ರೆಸಿಸ್ಟೆನ್ಸ್ 1 ಓಮ್ ಜಾಸ್ತಿ ಇದೆ ಅಂದುಕೊಳ್ಳೋಣ. ಆಗಲೂ ಸದ್ದು ಇಳಿಯುವುದು ಸುಮಾರು 0.03 ಡೆಸಿಬಲ್. ಅದನ್ನು ಯಾರ ಕಿವಿಯೂ ಹಿಡಿಯಲಾರದು. ಕೇಬಲ್‌ನ ತಂತಿ ತಾಮ್ರದ್ದೋ ಬೆಳ್ಳಿಯದ್ದೋ ಅನ್ನುವ ಜಗಳ ಇಲ್ಲಿಗೇ ಮುಗಿಯಿತು, ಅಲ್ವಾ? 32 ಓಮ್‌ನ ಹೆಡ್‌ಫೋನ್ ಆದರೆ ಅದೇ 1 ಓಮ್‌ಗೆ 0.27 ಡೆಸಿಬಲ್ ಇಳಿಯುತ್ತದೆ. ಅದೂ ಸಣ್ಣದೇ.

ಹಾಗಾದರೆ ಜನರಿಗೆ ವ್ಯತ್ಯಾಸ ಕೇಳಿಸುವುದೇಕೆ? ಹೆಚ್ಚಾಗಿ ವಾಲ್ಯೂಮ್‌ನಿಂದ. ಬ್ಯಾಲೆನ್ಸ್‌ಡ್ ಕೇಬಲ್ (ಎಡಕ್ಕೂ ಬಲಕ್ಕೂ ಬೇರೆ ಬೇರೆ ಜೋಡಿ ತಂತಿ ಇರುವುದು) ಹಾಕಿದಾಗ ಆಂಪ್ಲಿಫೈಯರ್‌ನ ಬೇರೆ ಔಟ್‌ಪುಟ್ ಬಳಸುತ್ತೀರಿ. ಅಲ್ಲಿ ವೋಲ್ಟೇಜ್ ಎರಡು ಪಟ್ಟಿದ್ದರೆ ಸದ್ದು 6 ಡೆಸಿಬಲ್ ಏರುತ್ತದೆ. ಜೋರಾಗಿದ್ದದ್ದು ಚೆನ್ನಾಗಿದೆ ಅನಿಸುವುದು ಸಹಜ. ಹೊಗಳಿಕೆ ಮಾತ್ರ ಕೇಬಲ್‌ಗೆ! ಜೊತೆಗೆ, ಕೇಬಲ್ ಬಿಚ್ಚಿ ಹಾಕಿ ಹೆಡ್‌ಫೋನ್ ಮತ್ತೆ ತಲೆಗೇರಿಸುವಾಗ ಅದು ಕೂರುವ ಜಾಗ ಸ್ವಲ್ಪ ಸರಿದರೂ ಟ್ರೆಬಲ್ (ತೀಕ್ಷ್ಣ ಸ್ವರಗಳು) ಬದಲಾಗುತ್ತದೆ.

ಹೋಲಿಸಿ ನೋಡಬೇಕೆಂದರೆ ಒಂದೇ ಔಟ್‌ಪುಟ್ ಬಳಸಿ. ಮಲ್ಟಿಮೀಟರ್‌ನಿಂದ ವೋಲ್ಟೇಜ್ ಸಮ ಮಾಡಿಕೊಳ್ಳಿ. ಯಾವ ಕೇಬಲ್ ಹಾಕಿದೆ ಎಂದು ನಿಮಗೆ ಹೇಳದೆ ಇನ್ನೊಬ್ಬರು ಬದಲಿಸುತ್ತಿರಲಿ.

ನನ್ನನ್ನು ಕೇಳಿದರೆ, ಬಟ್ಟೆಗೆ ಉಜ್ಜಿದಾಗ ಸರಸರ ಅನ್ನದ, ಹಗುರವಾದ, ಪಿನ್ ಬಿಗಿಯಾಗಿರುವ ಕೇಬಲ್ ಸಾಕು.