ಮಸಾರಿಯಲ್ಲಿ ಡ್ರಿಪ್ ನೀರು ಯಾಕೆ ಹರಡುವುದಿಲ್ಲ?

ನಮಸ್ಕಾರ ರೀ. ಗದಗ ಹತ್ತಿರದ ನಿಮ್ಮ ಮಸಾರಿ (ಮರಳು ಮಿಶ್ರಿತ ಕೆಂಪು ಮಣ್ಣಿನ) ಹೊಲದಲ್ಲಿ ಎರಡು ತಾಸು ಡ್ರಿಪ್ ಬಿಟ್ಟರೂ ಮೆಣಸಿನಗಿಡದ ಬುಡ ಅಂಗೈಯಗಲವೇ ಒದ್ದೆಯಾಗುತ್ತದೆ, ಪಕ್ಕದವರ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಅಗಲವಾಗಿ ಹರಡುತ್ತದೆ, ಡ್ರಿಪ್ಪರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಅನುಮಾನ ಇದ್ದರೆ ಕೆಳಗೊಂದು ಡಬ್ಬಿ ಇಡಿ. ತಾಸಿಗೆ 4 ಲೀಟರ್‌ನ ಡ್ರಿಪ್ಪರ್ 15 ನಿಮಿಷಕ್ಕೆ 1 ಲೀಟರ್ ಕೊಟ್ಟರೆ ಸರಿ ಇದೆ.

ವ್ಯತ್ಯಾಸ ಮಣ್ಣಿನದು. ಮಸಾರಿಯಲ್ಲಿ ಮರಳು ಜಾಸ್ತಿ, ಕಣಗಳ ನಡುವಿನ ಸಂದು ದೊಡ್ಡದು. ನೀರು ಸೀದಾ ಕೆಳಗಿಳಿಯುತ್ತದೆ. ಎರೆಯಲ್ಲಿ ಸಂದು ಸಣ್ಣದು, ನೀರು ಇಳಿಯುವುದು ನಿಧಾನ. ಹಾಗಾಗಿ ಬತ್ತಿ ಎಣ್ಣೆ ಎಳೆದಂತೆ ಮಣ್ಣು ನೀರನ್ನು ಪಕ್ಕಕ್ಕೂ ಎಳೆಯುತ್ತದೆ. (ಎರೆ ಒಣಗಿ ಬಿರುಕು ಬಿಟ್ಟರೆ ಅಲ್ಲೂ ನೀರು ಬಿರುಕಲ್ಲೇ ಮಾಯ, ಅದು ಬೇರೆ ಮಾತು.)

ಮೇಲಿನ ಒದ್ದೆ ನೋಡಿ ಲೆಕ್ಕ ಹಾಕಬೇಡಿ, ಒಳಗೆ ಅದಕ್ಕಿಂತ ಅಗಲ ಇರುತ್ತದೆ. ಮರುದಿನ ಎರಡು ಡ್ರಿಪ್ಪರ್ ನಡುವೆ ಒಂದೂವರೆ ಅಡಿ ಅಗೆದು ನೋಡಿ. ನಡುವೆ ಒಣಗಿದ್ದು ಬೇರಿನ ಕೆಳಗೆಲ್ಲ ಹಸಿ ಇದ್ದರೆ ನೀರು ಸುಮ್ನೆ ದಂಡ. ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಆಳವೇ ಹೆಚ್ಚುತ್ತದೆ, ಅಗಲ ಅಷ್ಟಾಗಿ ಅಲ್ಲ. ಬೆಳಗ್ಗೆ, ಸಂಜೆ ಅಂತ ಒಡೆದು ಬಿಡಿ. ಮುಂದೆ ಪೈಪ್ ಕೊಳ್ಳುವಾಗ ಡ್ರಿಪ್ಪರ್‌ಗಳ ನಡುವೆ 30-40 ಸೆಂ.ಮೀ. ಅಂತರದ್ದು ಕೇಳಿ. ಎರೆಗಾದರೆ 60 ನಡೆಯುತ್ತದೆ.