ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಜೋರಾಗಿ ಅಪ್ಪ ಅಡ್ಮಿಟ್ ಆಗಿದ್ದಾರೆ, ಮುಂದೇನಾಗುತ್ತದೆ ಅಂತ ಮೊದಲೇ ಹೇಳಬಹುದಾ?

ನಿಮ್ಮ ತಂದೆಯವರ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಇರಬೇಕಾದುದರ ಶೇ. 32 ಇದೆ, ಈ ಸಲ ಉಳಿಯುವುದು ಕಷ್ಟವಾ ಅಂತ ಕೇಳಿದ್ದೀರಿ. ನಾನು ಶ್ವಾಸಕೋಶದ ವಾರ್ಡಿನಲ್ಲಿ ಕೆಲಸ ಮಾಡುವ ಡಾಕ್ಟರ್. ದಯವಿಟ್ಟು ಆ ಒಂದು ನಂಬರ್ ಹಿಡಿದುಕೊಂಡು ಕೂರಬೇಡಿ. ಕಾಯಿಲೆ ಎಷ್ಟು ಬೆಳೆದಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ, ಆದರೆ ದಿಢೀರಂತ ಹದಗೆಟ್ಟು ಆಸ್ಪತ್ರೆಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಅದು ಅಷ್ಟೇನೂ ನೆರವಾಗುವುದಿಲ್ಲ.

ನಾವು ಮೊದಲು ನೋಡುವುದು ಬೇರೆ. ಕಳೆದ ಮೂರು ತಿಂಗಳಲ್ಲಿ, ಚೆನ್ನಾಗಿದ್ದ ದಿನಗಳಲ್ಲಿ, ಅವರು ಒಬ್ಬರೇ ಮನೆಯಿಂದ ಹೊರಗೆ ಹೋಗುತ್ತಿದ್ದರಾ? ಏದುಸಿರಿಗೆ ಹೋಗಲು ಆಗದಿದ್ದರೂ ಸ್ನಾನ, ಬಟ್ಟೆ ಹಾಕಿಕೊಳ್ಳುವುದು ತಾವೇ ಮಾಡಿಕೊಳ್ಳುತ್ತಿದ್ದರಾ, ಇಲ್ಲ ಅದಕ್ಕೂ ಯಾರಾದರೂ ಬೇಕಿತ್ತಾ? ಇದು ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ, ನೀವೇ ಹೇಳಬೇಕು. ಗಾಬರಿಯಲ್ಲಿ ಮನೆಯವರು 'ಚೆನ್ನಾಗೇ ಇದ್ರು' ಅಂದುಬಿಡುತ್ತಾರೆ, ಕೇಸ್ ಶೀಟಿನಲ್ಲಿ ಅದೇ ಉಳಿದುಬಿಡುತ್ತದೆ.

2012ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ಡೆಕಾಫ್ ಸ್ಕೋರಿನಲ್ಲಿ ಒಟ್ಟು 6 ಅಂಕ. ಮೇಲೆ ಹೇಳಿದ ಏದುಸಿರಿಗೇ 2 ಅಂಕದವರೆಗೆ ಇದೆ. ರಕ್ತದಲ್ಲಿ ಇಯೋಸಿನೊಫಿಲ್ ಅನ್ನುವ ಬಿಳಿ ರಕ್ತಕಣ ತೀರಾ ಕಡಿಮೆ ಇದ್ದರೆ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ತರಹದ ಬಿಳಿ ಮಚ್ಚೆ ಕಂಡರೆ, ರಕ್ತದ ಪಿಎಚ್ (ಇಳಿದಷ್ಟೂ ರಕ್ತದಲ್ಲಿ ಆಮ್ಲ ಜಾಸ್ತಿ ಅಂತ ಅರ್ಥ) 7.30ಕ್ಕಿಂತ ಇಳಿದಿದ್ದರೆ, ಏಟ್ರಿಯಲ್ ಫಿಬ್ರಿಲೇಶನ್ ಆಗಿ ಎದೆಬಡಿತದ ತಾಳ ತಪ್ಪಿದ್ದರೆ ಒಂದೊಂದು ಅಂಕ. 0 ಅಥವಾ 1 ಬಂದರೆ ಆಸ್ಪತ್ರೆಯಲ್ಲಿ ಜೀವಕ್ಕೆ ಅಪಾಯ ಕಡಿಮೆ, 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಾಸ್ತಿ ಅಂತ ಲೆಕ್ಕ. ಆದರೆ ಇದು ಇಂಥ ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿ ಮಾಡಿದ ಅಂದಾಜು. ಯಾರನ್ನು ಬೇಗ ಮನೆಗೆ ಕಳಿಸಬಹುದು, ಯಾರ ಮೇಲೆ ಹೆಚ್ಚು ನಿಗಾ ಬೇಕು ಅಂತ ತೀರ್ಮಾನಿಸಲು ನನಗೆ ತುಂಬಾ ಉಪಯೋಗವಾಗಿದೆ. ಸ್ಕೋರ್ ಜಾಸ್ತಿ ಬಂದವರು ನಡೆದುಕೊಂಡೇ ಮನೆಗೆ ಹೋಗಿರುವುದನ್ನೂ ನೋಡಿದ್ದೇನೆ.

ಬೈಪ್ಯಾಪ್ ಮಾಸ್ಕ್ (ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರದ್ದು) ಹಾಕಿದ್ದಾರೆ ಅಂದಿರಿ. ಹಾಗಿದ್ದರೆ ಹಾಕಿದ ಮೊದಲ ಒಂದರಿಂದ ನಾಲ್ಕು ಗಂಟೆಯಲ್ಲಿ ಪಿಎಚ್ ಮೇಲೆ ಬಂತಾ, ಉಸಿರಿನ ವೇಗ ಇಳಿಯಿತಾ ಅಂತ ಡಾಕ್ಟರನ್ನು ಕೇಳಿ. ಎರಡಕ್ಕೂ ಹೌದು ಅಂದರೆ ಅದು ನಿಜಕ್ಕೂ ಒಳ್ಳೆಯ ಲಕ್ಷಣ. ಇನ್ನೊಂದು, ಮಾನಿಟರಿನಲ್ಲಿ ಆಕ್ಸಿಜನ್ 90 ತೋರಿಸಿತು ಅಂತ ನೀವಾಗಿ ಜಾಸ್ತಿ ಮಾಡಲು ಹೋಗಬೇಡಿ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ 88ರಿಂದ 92ರೊಳಗೆ ಇಡುತ್ತೇವೆ, ಮೀರಿದರೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು.

ಡಿಸ್ಚಾರ್ಜ್ ಆದ ಮೇಲಿನ ಮೂರು ತಿಂಗಳೂ ಸೂಕ್ಷ್ಮವೇ. ಹಿಂದೆ ಎಷ್ಟು ಸಲ ಅಡ್ಮಿಟ್ ಆಗಿದ್ದರು, ಹೃದಯದ ತೊಂದರೆ ಇದೆಯಾ, ವಯಸ್ಸೆಷ್ಟು, ಇವೆಲ್ಲ ಆಗ ಲೆಕ್ಕಕ್ಕೆ ಬರುತ್ತವೆ. ಹಳೆಯ ಡಿಸ್ಚಾರ್ಜ್ ಸಮ್ಮರಿಗಳಿದ್ದರೆ ನಾಳೆ ರೌಂಡ್ಸ್‌ಗೆ ಮುಂಚೆ ತಂದುಕೊಡಿ.